ಹೆಸರು ಹೇಳದೆ ಕೇಳಿದ ಜೀವನಚರಿತ್ರೆ

ಹೋದ ವಾರ ನೀವಿಬ್ಬರೂ ಶಾಲೆಯ ಯಾವುದೋ ಹಾಳೆ ಹಿಡಿದು ಬಂದು, "ಅಜ್ಜಿ, ತಾತನ ಹೆಸರು ಹೇಳು" ಎಂದಿರಿ. ನಾನು ಪೆನ್ಸಿಲ್ ತೆಗೆದುಕೊಂಡು ಬರೆದು ತೋರಿಸಿದೆ. ಬಾಯಲ್ಲಿ ಹೇಳೋಕೇನು ಕಷ್ಟ ಎಂದು ನೀವು ಬಿದ್ದು ಬಿದ್ದು ನಕ್ಕಿರಿ.

ಗಂಡನ ಹೆಸರು ಹೇಳಿದರೆ ಅವರ ಆಯಸ್ಸು ಕಡಿಮೆಯಾಗುತ್ತದೆ ಎಂದು ನಮ್ಮೂರಲ್ಲಿ ಹೇಳುತ್ತಿದ್ದರು. ನಾನು ಒಂದು ಸಲವೂ ಹೇಳಲಿಲ್ಲ. ಆದರೂ ನಿಮ್ಮ ತಾತ ನಲವತ್ತಾರಕ್ಕೇ ಹೋದರು. ಆಮೇಲಾದರೂ ಹೇಳಬಹುದಿತ್ತು, ಆದರೆ ನಾಲಿಗೆಗೆ ಅಭ್ಯಾಸವೇ ಇರಲಿಲ್ಲ. ಜೀವನದಲ್ಲಿ ಒಂದೇ ಒಂದು ಸಲ ಹೇಳಿದ್ದೇನೆ, ಮಲ್ಲೇಶ್ವರದ ಒಂದು ಗೇಟಿನ ಮುಂದೆ. ಅದನ್ನು ಬರೆಯುತ್ತೇನೆ. ಹೆಸರನ್ನು ಮಾತ್ರ ಬರೆಯುವುದಿಲ್ಲ. ಬರೆದರೆ ನೀವು ನನ್ನ ಕೈಲೇ ಗಟ್ಟಿಯಾಗಿ ಓದಿಸುತ್ತೀರಿ.

ನಿಮ್ಮ ತಾತ ಚಾಮರಾಜಪೇಟೆಯ ಒಂದು ಪ್ರೆಸ್ಸಿನಲ್ಲಿ ಕರಡು ತಿದ್ದುತ್ತಿದ್ದರು. ಅದರ ಮಹಡಿಯ ಮೇಲೆ ವಿಶ್ವಕೋಶದ ಆಫೀಸು. ಅಲ್ಲಿ ಆಗ ರಾಜಕಾರಣಿಗಳ ಸಂಪುಟ ತಯಾರಾಗುತ್ತಿತ್ತು. ತಾತ ಹೋದ ಮೇಲೆ ಅಲ್ಲಿನ ಸಂಪಾದಕರು ನನ್ನ ಅಕ್ಷರ ನೋಡಿ, ಮೂರು ತಿಂಗಳ ಮಟ್ಟಿಗೆ ಕೆಲಸ ಕೊಟ್ಟರು. ಸರಿಹೋದರೆ ಖಾಯಂ. ಇಲ್ಲದಿದ್ದರೆ ನಾನು ನಿಮ್ಮಮ್ಮನನ್ನು ಹೈಸ್ಕೂಲು ಬಿಡಿಸಿಕೊಂಡು ಊರಿಗೆ, ಅಣ್ಣನ ಮನೆಗೆ ಹೋಗಬೇಕಿತ್ತು. ಅತ್ತಿಗೆ ಆಗಲೇ ನಮಗಾಗಿ ಒಂದು ಮೂಲೆ ಗುಡಿಸಿಟ್ಟಿದ್ದರು. ಆ ಮೂಲೆಯಲ್ಲಿ ಮೊದಲು ಕುರಿಮರಿ ಕಟ್ಟುತ್ತಿದ್ದರು.

ಕೆಲಸ ಸುಲಭದ್ದು. ಯಾರೋ ಬರೆದು ಕಳಿಸಿದ ಜೀವನಚರಿತ್ರೆ ಹಿಡಿದು ಆ ರಾಜಕಾರಣಿಯ ಮನೆಗೆ ಹೋಗುವುದು, ಒಂದೊಂದೇ ಸಾಲು ಓದುವುದು, ನಿಜವಾದರೆ ಕೆಂಪು ಶಾಯಿಯಲ್ಲಿ ಗುರುತು ಹಾಕುವುದು, ಸುಳ್ಳಾದರೆ ಹೊಡೆದು ಹಾಕಿ ನಿಜ ಬರೆಯುವುದು. ನನಗೆ ಅಪರಿಚಿತರ ಮನೆಯ ಬಾಗಿಲು ತಟ್ಟುವುದೆಂದರೆ ಜ್ವರ ಬರುತ್ತಿತ್ತು. ಆದರೂ ಎರಡೂವರೆ ತಿಂಗಳು ಹೇಗೋ ನಡೆಯಿತು.

ಆಮೇಲೆ ಒಬ್ಬ ಮಾಜಿ ಮಂತ್ರಿಗಳ ಹೆಸರು, ವಿಳಾಸ ಬರೆದ ಚೀಟಿ ನನ್ನ ಕೈಗೆ ಬಂತು. ನೋಡಿದರೆ ಅವರ ಹೆಸರೂ ನಿಮ್ಮ ತಾತನದೇ!

ಸಂಪಾದಕರಿಗೆ ಹೇಳಲು ನಾಚಿಕೆ. ಸುಮ್ಮನೆ ಬಸ್ಸು ಹತ್ತಿದೆ. ವಿಳಾಸದಲ್ಲಿ ಅಡ್ಡರಸ್ತೆ ಮಾತ್ರ ಇತ್ತು, ಮನೆ ನಂಬರ್ ಇರಲಿಲ್ಲ. ರಸ್ತೆಯ ತುದಿಯಲ್ಲಿ ತರಕಾರಿ ಗಾಡಿಯವನೊಬ್ಬ ಹುರುಳಿಕಾಯಿಗೆ ನೀರು ಚಿಮುಕಿಸುತ್ತಿದ್ದ.

"ಇಲ್ಲಿ ರಾಜಕೀಯದವರ ಮನೆ ಯಾವುದಪ್ಪಾ?" ಎಂದು ಕೇಳಿದೆ.

"ಯಾರಮ್ಮಾ? ಹೆಸರೇನು?"

"ಅದೇ... ವಯಸ್ಸಾದವರು."

"ಓ, ಎಲೆಕ್ಷನ್‌ಗೆ ನಿಂತಿದ್ರಲ್ಲ, ಅವರಾ? ಹಸಿರು ಗೇಟು ನೋಡಿ."

ಹಸಿರು ಗೇಟು ತೆಗೆದವರು ದೊಡ್ಡ ಕುಂಕುಮದ ಅಜ್ಜಿಯೊಬ್ಬರು. ಯಾರು ಬೇಕು ಎಂದರು. ನಾನು ಚೀಟಿ ಮುಂದೆ ಹಿಡಿದು, "ಇವರು" ಎಂದೆ.

ಅವರು ಚೀಟಿಯನ್ನು ದೂರ ಹಿಡಿದರು, ಹತ್ತಿರ ಹಿಡಿದರು. "ನಮ್ಮಿಬ್ಬರಿಗೂ ಒಂದೇ ಕನ್ನಡಕ ಕಣಮ್ಮಾ. ಹಾಕ್ಕೊಂಡು ಕ್ಷೌರಕ್ಕೆ ಹೋಗಿದಾರೆ. ಇನ್ಯಾರಿರ್ತಾರೆ, ನಮ್ಮೆಜಮಾನ್ರೇ. ಬಾ ಒಳಗೆ, ಕಾಫಿ ಕುಡಿ."

ಅವರೂ ಗಂಡನ ಹೆಸರು ಹೇಳುವವರಲ್ಲ, ನಾನೂ ಹೇಳುವವಳಲ್ಲ. ಹಾಗಾಗಿ ಒಂದೂವರೆ ಗಂಟೆ ನಾವಿಬ್ಬರೂ ಬರೀ 'ಅವರ' ಬಗ್ಗೆ ಮಾತಾಡಿದೆವು.

"ಸ್ವಾತಂತ್ರ್ಯ ಚಳವಳಿಯಲ್ಲಿ ಆರು ತಿಂಗಳು ಸೆರೆವಾಸ ಅನುಭವಿಸಿದರು" ಎಂದು ಓದಿದೆ.

"ಸೆರೆವಾಸಾನಾ? ಯಾರು ಹೇಳಿದ್ರು? ಪೊಲೀಸ್ ಬಂದ್ರು ಅಂತ ಅಟ್ಟ ಹತ್ತಿ ಕೂತಿದ್ರು. ಬಂದಿದ್ದೋನು ಪೋಸ್ಟ್‌ಮ್ಯಾನು."

ಹೊಡೆದು ಹಾಕಿ, 'ಅಟ್ಟ' ಎಂದು ಬರೆದೆ.

"ಮೂರು ಬಾರಿ ಶಾಸಕರಾಗಿ ಆಯ್ಕೆಯಾದರು."

"ಮೂರು ಸಲ ನಿಂತ್ರು, ಮೂರು ಸಲಾನೂ ಸೋತ್ರು. ಮೂರನೇ ಸಲ ನಾನೇ ವೋಟು ಹಾಕ್ಲಿಲ್ಲ."

"ಯಾಕಮ್ಮಾ?"

"ಸೋತಾಗ್ಲೇ ಮನೇಲಿ ಮಾತು ಕೇಳಲ್ಲ. ಇನ್ನು ಗೆದ್ರೆ ಕೇಳ್ತಾರಾ?"

"ಸರಳ ಜೀವಿ" ಎಂದೆ ಮೆಲ್ಲಗೆ.

"ಸರಳಾನಾ! ಚಟ್ನಿಗೆ ಒಗ್ಗರಣೆ ಇಲ್ದಿದ್ರೆ ತಟ್ಟೆ ಮುಟ್ಟಲ್ಲ. ಬರ್ಕೋ, ಬರ್ಕೋ."

ಬರೆದುಕೊಂಡೆ. ಕೊನೆಗೆ ಹಾಳೆಯಲ್ಲಿ ಕೆಂಪು ಬಿಟ್ಟು ಏನೂ ಕಾಣುತ್ತಿರಲಿಲ್ಲ. ಅಜ್ಜಿ ಖುಷಿಯಾಗಿ ಅರವತ್ತರ ಶಾಂತಿಯ ಫೋಟೋ ಒಂದನ್ನು ಗೋಡೆಯಿಂದ ಇಳಿಸಿ ಕೊಟ್ಟರು. ಇಷ್ಟು ಚೆನ್ನಾಗಿ ನಾನು ಯಾವತ್ತೂ ಕೆಲಸ ಮಾಡಿಲ್ಲ ಎಂದುಕೊಂಡು ಬಸ್ಸಿನಲ್ಲಿ ಫೋಟೋವನ್ನು ಮಗುವಿನ ಹಾಗೆ ತೊಡೆಯ ಮೇಲೆ ಕೂರಿಸಿಕೊಂಡು ಬಂದೆ.

ಸಂಪಾದಕರು ಫೋಟೋ ನೋಡಿದರು.

"ಇದು ಯಾರು?"

"ಅವರೇ ಸಾರ್."

"ಯಾವ ಅವರು?"

"ಅವರೇ."

"ಅಮ್ಮಾ, ನಮ್ಮ ಮಂತ್ರಿಗಳ ತಲೇಲಿ ಒಂದು ಕೂದಲಿಲ್ಲ. ಈ ಮನುಷ್ಯನಿಗೆ ಇಬ್ಬರಿಗಾಗೋಷ್ಟಿದೆ. ನೀವು ಯಾರ ಮನೆಗೆ ಹೋಗಿದ್ರಿ? ಹೆಸರು ಹೇಳಿ ಕೇಳಿದ್ರಾ?"

"ಚೀಟಿ ತೋರಿಸಿದೆ ಸಾರ್."

"ಚೀಟಿ ಯಾಕೆ? ಬಾಯಲ್ಲಿ ಹೇಳೋದಲ್ವಾ?"

ನಾನು ನೆಲ ನೋಡಿದೆ. ಅವರು ಚೀಟಿ ನೋಡಿದರು. ಆಮೇಲೆ ನಿಮ್ಮ ತಾತ ಕರಡು ತಂದುಕೊಟ್ಟು ನಿಲ್ಲುತ್ತಿದ್ದ ಬಾಗಿಲ ಕಡೆ ನೋಡಿದರು. "ಅಯ್ಯೋ ರಾಮ" ಎಂದರು.

ಊರಿನ ಆ ಮೂಲೆ ನನ್ನ ಕಣ್ಣ ಮುಂದೆ ಬಂತು. ಕುರಿಮರಿಯೂ ಬಂತು. ಅಷ್ಟರಲ್ಲಿ ಸಂಪಾದಕರು ಹಾಳೆ ಓದಲು ಶುರುಮಾಡಿದ್ದರು. ಪೋಸ್ಟ್‌ಮ್ಯಾನ್ ಹತ್ತಿರ ಬರುವಷ್ಟರಲ್ಲಿ ಕುಡಿಯುತ್ತಿದ್ದ ಟೀ ಅವರ ಮೂಗಿಗೆ ಹತ್ತಿತು. ವೋಟಿನ ಸಾಲಿಗೆ ಬಂದಾಗ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ಅಮ್ಮಾ, ಇಷ್ಟು ವರ್ಷದಲ್ಲಿ ಈ ಆಫೀಸಿಗೆ ಇಷ್ಟು ನಿಜ ಬಂದಿರ್ಲಿಲ್ಲ. ನಿಮಗಿಂತ ಮುಂಚೆ ಇದ್ದೋರು ಹೋಟೆಲಲ್ಲಿ ದೋಸೆ ತಿಂತಾ ಎಲ್ಲಾ ಸಾಲಿಗೂ ಗುರುತು ಹಾಕ್ಕೊಂಡು ಬರ್ತಿದ್ರು. ನಂಗೆ ನೀವೇ ಬೇಕು. ಆದ್ರೆ ಹೆಸರೇ ಹೇಳ್ದೆ ಹೋದ್ರೆ ನಾಳೆ ಇನ್ಯಾರನ್ನೋ ಅಟ್ಟ ಹತ್ತಿಸಿ ಬರ್ತೀರ. ನಾಳೆ ಸರಿಯಾದ ಮನೆಗೆ ಹೋಗಿ. ಗೇಟಲ್ಲಿ ಹೆಸರು ಹೇಳಿಯೇ ಒಳಗೆ ಹೋಗ್ಬೇಕು. ಹೇಳಿದ್ರೆ ಕೆಲಸ ಖಾಯಂ. ಆಗಲ್ಲ ಅಂದ್ರೆ ನಾನು ಬೇರೆಯವರನ್ನ ಹುಡುಕ್ಬೇಕಾಗುತ್ತೆ."

ಅವತ್ತು ಸಂಜೆ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅಭ್ಯಾಸ ಮಾಡಿದೆ. ಮೊದಲಕ್ಷರದಿಂದ ಮುಂದಕ್ಕೆ ಹೋಗಲಿಲ್ಲ. ನಿಮ್ಮಮ್ಮ ಬಾಗಿಲು ತಟ್ಟಿ, "ಅಮ್ಮಾ, ಬಕೆಟ್ ತುಂಬಿ ಹರೀತಿದೆ. ಯಾರನ್ನ ಬೈತಿದೀಯಾ?" ಎಂದಳು.

ಮಾರನೆಯ ದಿನ ಹೋದೆ. ಸರಿಯಾದ ಮನೆ ಹಸಿರು ಗೇಟಿನ ಎದುರಿಗೇ ಇತ್ತು. ಮಾಜಿ ಮಂತ್ರಿಗಳೇ ಅಂಗಳದಲ್ಲಿ ಬನಿಯನ್ ಹಾಕಿಕೊಂಡು ಗುಲಾಬಿ ಗಿಡಕ್ಕೆ ನೀರು ಬಿಡುತ್ತಿದ್ದರು. ಬೋಳುತಲೆ ಬಿಸಿಲಿಗೆ ಹೊಳೆಯುತ್ತಿತ್ತು. ಇವರೇ ಎಂದು ಗೊತ್ತಾದ ಮೇಲೂ ಹೆಸರು ಯಾಕೆ ಹೇಳಬೇಕು ಎಂದು ಮನಸ್ಸು ಹೇಳಿತು. ಸಂಪಾದಕರಿಗೆ ಸುಳ್ಳು ಹೇಳಬಹುದಿತ್ತು. ಆದರೆ ಸುಳ್ಳು ಹೊಡೆದು ಹಾಕುವುದೇ ನನ್ನ ಕೆಲಸವಾಗಿತ್ತಲ್ಲ.

"ಯಾರು ಬೇಕಮ್ಮಾ?" ಎಂದರು ಮಂತ್ರಿಗಳು.

ಕಣ್ಣು ಮುಚ್ಚಿದೆ. ಮನಸ್ಸಿನಲ್ಲೇ ನಿಮ್ಮ ತಾತನಿಗೆ ಒಂದು ನಮಸ್ಕಾರ ಮಾಡಿ ಹೆಸರು ಹೇಳಿದೆ. ಇಷ್ಟು ವರ್ಷ ಒಳಗೇ ಇದ್ದದ್ದಕ್ಕೋ ಏನೋ, ಹೇಳಲು ಹೋದದ್ದು ಕೂಗಾಗಿ ಬಂತು. ಮಂತ್ರಿಗಳ ಕೈಯಿಂದ ಪೈಪು ಜಾರಿ ನೀರು ನನ್ನ ಸೀರೆಗೆ ಬಿತ್ತು.

"ಏನಮ್ಮಾ, ಕರೆದ್ರಾ?" ಎಂದು ಹಿಂದಿನಿಂದ ದನಿ ಬಂತು. ನೋಡಿದರೆ ತರಕಾರಿ ಗಾಡಿಯವನು!

"ನಿನ್ನನ್ನಲ್ಲಪ್ಪಾ, ಇವರನ್ನ" ಎಂದೆ.

"ಇವರಾ? ನಿನ್ನೇನೇ ಹೆಸರು ಹೇಳೋದಲ್ವಾ? ನಂದೂ ಅದೇ ಹೆಸರು. ಮರೆಯೋಕಾಗುತ್ತಾ? ಸೀದಾ ಇಲ್ಲಿಗೇ ಕಳಿಸ್ತಿದ್ದೆ."

ಕೂಗು ಕೇಳಿ ಹಸಿರು ಗೇಟಿನ ಅಜ್ಜಿಯೂ ಹೊರಗೆ ಬಂದರು. ಈ ಸಲ ಕನ್ನಡಕ ಅವರ ಮೂಗಿನ ಮೇಲಿತ್ತು. ನಾನು ಫೋಟೋ ವಾಪಸ್ ಕೊಟ್ಟು, ತಪ್ಪಾಯಿತು, ಬಂದಿದ್ದು ಎದುರುಮನೆಯವರಿಗಾಗಿ ಎಂದು ಅಳುಮೋರೆಯಲ್ಲಿ ಹೇಳಿದೆ. ಅವರಿಗೆ ಒಂದಿಷ್ಟೂ ಬೇಸರವಾಗಲಿಲ್ಲ.

"ಎದುರುಮನೆಯವರದ್ದಾ? ಅವರನ್ನೇ ಕೇಳಿದ್ರೆ ನಿಜ ಹೇಳ್ತಾರಾ? ತಡಿ, ನಾನೂ ಬರ್ತೀನಿ" ಎಂದು ಚಪ್ಪಲಿ ಮೆಟ್ಟಿಕೊಂಡರು.

ಕೆಲಸ ಖಾಯಂ ಆಯಿತು. ನಿಮ್ಮಮ್ಮ ಶಾಲೆ ಬಿಡಲಿಲ್ಲ, ಕುರಿಮರಿಯ ಮೂಲೆ ಕುರಿಮರಿಗೇ ಉಳಿಯಿತು. ಆ ಸಂಪುಟ ಈಗಲೂ ನನ್ನ ಕಪಾಟಿನಲ್ಲಿದೆ. ಮಂತ್ರಿಗಳದ್ದು ಅರ್ಧ ಪುಟ. ಸೆರೆವಾಸ ನಿಜ, ಮೂರು ಗೆಲುವೂ ನಿಜ, ಅವರು ಕಾಗದ ತೋರಿಸಿದರು. 'ನಿರರ್ಗಳ ವಾಗ್ಮಿ' ಎಂಬ ಒಂದು ಮಾತು ಮಾತ್ರ ಅದರಲ್ಲಿಲ್ಲ. ಅದನ್ನು ಹಸಿರು ಗೇಟಿನವರು ಅವರ ಎದುರಿಗೇ ಹೊಡೆಸಿ ಹಾಕಿದರು.