ಗಾಜಿನ ಆಚೆಯ ಕಿವಿ

ಅಕ್ಕನ ಸಮವಸ್ತ್ರಕ್ಕೆ ಬಲಗಡೆ ಒಂದು ಜೇಬು ಹೆಚ್ಚಿಗೆ ಇದೆ. ಆ ಆಸ್ಪತ್ರೆಯ ಬೇರೆ ಯಾವ ನರ್ಸಿನ ಬಟ್ಟೆಗೂ ಅದಿಲ್ಲ. ಹೊಲಿದವಳು ನಾನೇ, ಹಾಗಾಗಿ ಗಟ್ಟಿಯಾಗಿ ಹೇಳಬಲ್ಲೆ. ಅಂಗೈಯಗಲದ ಒಂದು ಪುಸ್ತಕ, ಒಂದು ಮೋಟು ಪೆನ್ಸಿಲು, ಎರಡೂ ಬಗ್ಗಿದಾಗ ಬೀಳದ ಹಾಗೆ ಕೂರಬೇಕು. ನಡೆಯುವಾಗ ತೊಡೆಗೆ ಬಡಿಯಬಾರದು. ಹಿರಿಯ ನರ್ಸಿನ ಕಣ್ಣಿಗೆ ಉಬ್ಬಿ ಕಾಣಬಾರದು. ಎರಡು ಮೂರು ಸಲ ಬಿಚ್ಚಿ ಹೊಲಿದೆ. ಅಂಗಡಿಗೆ ಬಂದವರು ಒಂದು ಗುಂಡಿ ಹೆಚ್ಚಿಗೆ ಹಾಕಿಕೊಡಿ ಎಂದರೂ ಮುಖ ಗಂಟಿಕ್ಕಿಕೊಳ್ಳುವ ಟೈಲರ್ ನಾನು. ಈ ಜೇಬನ್ನು ಮಾತ್ರ ಖುಷಿಯಿಂದ ಹೊಲಿದೆ.

ಅಕ್ಕ ಎಂದರೆ ಒಡಹುಟ್ಟಿದವಳೇನಲ್ಲ. ಎಳೆಗೂಸುಗಳ ವಾರ್ಡಿನ ನರ್ಸು. ಮೊದಮೊದಲು ಎಲ್ಲರ ಹಾಗೆ ನಾನೂ ಸಿಸ್ಟರ್ ಎನ್ನುತ್ತಿದ್ದೆ. ಅದು ಯಾವಾಗ ಅಕ್ಕ ಆಯಿತೋ ಗೊತ್ತಿಲ್ಲ. ಅವಳೇನೂ ದೊಡ್ಡ ಕಲಾವಿದೆಯಲ್ಲ. ಎಲ್ಲೂ ಪ್ರದರ್ಶನ ಇಟ್ಟಿಲ್ಲ, ಇಡುವ ಆಸೆಯೂ ಇಲ್ಲ. ಆದರೆ ಒಂದು ಚಿತ್ರವನ್ನಾದರೂ ಬರೆಯದೆ ಮಲಗಿದರೆ ಹಲ್ಲುಜ್ಜದೆ ಮಲಗಿದ ಹಾಗಾಗುತ್ತದಂತೆ ಅವಳಿಗೆ.

ಅವಳ ದಿನ ನೋಡಿದರೆ ನನಗೇ ಸುಸ್ತಾಗುತ್ತದೆ. ಎದ್ದ ಕೂಡಲೇ ಅಡುಗೆ, ಇಬ್ಬರು ಮಕ್ಕಳ ತಲೆ ಬಾಚುವುದು, ಅತ್ತೆಯ ಮಾತ್ರೆ, ಕಾಣೆಯಾದ ಒಂಟಿ ಸಾಕ್ಸಿನ ಹುಡುಕಾಟ, ಆಮೇಲೆ ಎದ್ದೆನೋ ಬಿದ್ದೆನೋ ಎಂದು ಬಸ್ಸಿಗೆ ಓಟ. ವಾರ್ಡಿನಲ್ಲಿ ನಿಂತ ಕಾಲಲ್ಲೇ ಕೆಲಸ. ಮನೆಗೆ ಬಂದರೆ ಸಿಂಕಿನ ತುಂಬ ಪಾತ್ರೆ. ಇಷ್ಟರ ನಡುವೆ ಚಿತ್ರ ಬರೆಯೋಕೆ ಪುರುಸೊತ್ತು ಎಲ್ಲಿಂದ ತರ್ತೀಯಕ್ಕಾ ಎಂದು ಒಮ್ಮೆ ಕೇಳಿದೆ.

"ಪುರುಸೊತ್ತು ಎಲ್ಲಿದೆ ಮಾರಾಯ್ತಿ? ಅದನ್ನ ನಂಬ್ಕೊಂಡು ಕೂತಿದ್ರೆ ಮುದುಕಿ ಆಗ್ತಿದ್ದೆ. ಆದ್ರೆ ಕಾಯೋದಿದೆಯಲ್ಲ, ಅದು ಬೇಕಾದಷ್ಟಿದೆ" ಎಂದಳು.

ನಿಜವೇ. ಉಸಿರಾಡಲೂ ಪುರುಸೊತ್ತಿಲ್ಲ ಎನ್ನುವ ಹೆಂಗಸು ದಿನವಿಡೀ ಯಾವುದಕ್ಕಾದರೂ ಕಾಯುತ್ತಲೇ ಇರುತ್ತಾಳೆ. ಹಾಲು ಉಕ್ಕುವುದಕ್ಕೆ, ಬಸ್ಸಿಗೆ, ಲಿಫ್ಟಿಗೆ, ಶಾಲೆಯ ಗೇಟು ತೆರೆಯುವುದಕ್ಕೆ. ಅಕ್ಕನದು ಒಂದೇ ಕಟ್ಟುಪಾಡು: ಒಂದು ಸಲ ಕಾಯುವಾಗ ಒಂದೇ ವಸ್ತು. ಇಡೀ ಬಸ್ಸನ್ನು ಬರೆಯಲು ಹೋಗುವುದಿಲ್ಲ, ಮುಂದಿನ ಸೀಟಿನವನ ಕತ್ತು ಸಾಕು. ಇಡೀ ಅಡುಗೆಮನೆ ಬೇಡ, ಸೌಟಿನ ಹಿಡಿ ಸಾಕು. ರಬ್ಬರು ಇಟ್ಟುಕೊಳ್ಳುವುದಿಲ್ಲ, ಅಳಿಸುತ್ತಾ ಕೂತರೆ ಬಸ್ಸು ಬಂದುಬಿಡುತ್ತದೆ. ಕಾಯುವುದು ಮುಗಿದರೆ ಚಿತ್ರವೂ ಮುಗಿದಂತೆ. ಹಾಗಾಗಿ ಅವಳ ಪುಸ್ತಕದ ತುಂಬ ಹಿಡಿಯಿಲ್ಲದ ಬಕೆಟ್ಟುಗಳು, ಒಂಟಿ ಬೂಟುಗಳು, ನಡುವೆಯೇ ಎದ್ದುಹೋದ ಬೆಕ್ಕಿನ ಬರೀ ಬೆನ್ನು. ಹಾಲಂತೂ ಎಷ್ಟು ಸಲ ಉಕ್ಕಿ ಒಲೆಗೆ ಅಭಿಷೇಕವಾಗಿದೆಯೋ ಲೆಕ್ಕವಿಲ್ಲ.

ಅವಳ ಗಂಡ ಮುದ್ರಣಾಲಯದಲ್ಲಿ ಪುಸ್ತಕದ ರಟ್ಟು ಕಟ್ಟುವವರು. ಮಾತು ಕಡಿಮೆ. ಅಂಚು ಕತ್ತರಿಸಿ ಉಳಿದ ಕಾಗದದ ತುಂಡುಗಳನ್ನು ಅಲ್ಲಿಯವರನ್ನು ಕೇಳಿ ತಂದು, ಹೊಲಿದು, ಪುಟ್ಟ ಪುಸ್ತಕ ಮಾಡಿ ಊಟದ ಡಬ್ಬಿಯ ಪಕ್ಕ ಇಟ್ಟುಬಿಡುತ್ತಾರೆ. ಅತ್ತೆಯದು ಇನ್ನೊಂದು ಕಥೆ. "ನನ್ನ ಮೂಗು ಇಷ್ಟುದ್ದ ಇದೆಯಾ? ಸೊಸೆ ಬರೆದ್ರೆ ಹೀಗೇ ಆಗೋದು" ಎಂದು ಸಿಡುಕುತ್ತಾರೆ. ಆಮೇಲೆ ಅದೇ ಹಾಳೆಯನ್ನು ಪಕ್ಕದ ಮನೆಗೆ ಒಯ್ದು ತೋರಿಸಿಕೊಂಡು ಬರುತ್ತಾರೆ.

ನಾನು ಈ ಅಕ್ಕನ ಕೈಗೆ ಸಿಕ್ಕಿದ್ದು ನನ್ನ ಬದುಕಿನ ಅತಿ ಕೆಟ್ಟ ದಿನಗಳಲ್ಲಿ. ಎರಡನೆಯ ಹೆರಿಗೆ ತಿಂಗಳು ತುಂಬುವ ಮೊದಲೇ ಆಗಿಹೋಗಿತ್ತು. ಹೆಣ್ಣು ಮಗು. ಹುಟ್ಟಿದ ಕೂಡಲೇ ಮೇಲಿನ ಮಹಡಿಯ ಗಾಜಿನ ಪೆಟ್ಟಿಗೆಗೆ ಒಯ್ದರು, ನನ್ನನ್ನು ಕೆಳಗಿನ ವಾರ್ಡಿನಲ್ಲಿ ಮಲಗಿಸಿದರು. ಎದ್ದು ಓಡಾಡುವ ಹಾಗಾದ ಮೇಲೂ ನಾನು ಮೇಲೆ ಹೋಗಲಿಲ್ಲ.

ಸೊಕ್ಕಿನಿಂದಲ್ಲ, ಹೆದರಿಕೆಯಿಂದ. ಮೊದಲನೆಯವನು ಗಂಡು, ಅವನೂ ಹೀಗೇ ಅವಸರದಲ್ಲಿ ಬಂದಿದ್ದ. ಆಗ ಬೇರೆ ಆಸ್ಪತ್ರೆ. ಅವನನ್ನು ಕಣ್ತುಂಬ ನೋಡಿದೆ, ಎತ್ತಿಕೊಂಡೆ, ಯಾರ ಹಾಗಿದ್ದಾನೆ ಎಂದು ಗಂಡನ ಜೊತೆ ಜಗಳವಾಡಿದೆ. ಒಂದು ವಾರವೂ ಇರಲಿಲ್ಲ, ಹೋಗಿಬಿಟ್ಟ. ಮುಖ ನೋಡಿದ್ದೇ ತಪ್ಪಾಯಿತು ಎಂದುಕೊಂಡೆ. ನೋಡಿರದಿದ್ದರೆ ಇಷ್ಟು ಸಂಕಟವಾಗುತ್ತಿರಲಿಲ್ಲ ಎಂದು ಮನಸ್ಸು ಕಲ್ಲು ಮಾಡಿಕೊಂಡು, ಅವನ ಸುದ್ದಿಯನ್ನೇ ಮನೆಯಲ್ಲಿ ಯಾರೂ ಎತ್ತಬಾರದು ಎಂದಿದ್ದೆ. ಈ ಸಲ ಡಾಕ್ಟರು ಉಳಿಯುತ್ತಾಳೆ ಎಂದು ಬಾಯಿಬಿಟ್ಟು ಹೇಳುವವರೆಗೆ ನೋಡುವುದಿಲ್ಲ ಎಂದು ಹಠ ಹಿಡಿದೆ. ಗಂಡ ಫೋನಿನಲ್ಲಿ ಫೋಟೋ ತೆಗೆದುಕೊಂಡು ಬಂದರೆ ಗೋಡೆಯ ಕಡೆ ತಿರುಗಿ ಮಲಗಿದೆ. ಪಾಪ, ಅವರು ಫೋನನ್ನು ಜೇಬಿಗೆ ಹಾಕಿಕೊಂಡರು.

ಹಾಲು ಮಾತ್ರ ಹಿಂಡಿ ಕಳಿಸುತ್ತಿದ್ದೆ. ಅದನ್ನು ಒಯ್ಯಲು ಮೇಲಿನಿಂದ ಬರುತ್ತಿದ್ದವಳೇ ಈ ಅಕ್ಕ. ಪರದೆ ಎಳೆದು ನಾನು ಒಳಗೆ ಕೂತರೆ ಅವಳು ಹೊರಗೆ ಸ್ಟೂಲಿನ ಮೇಲೆ ಕಾಯಬೇಕು. ಮಗು ಹೇಗಿದೆ ಎಂದು ನಾನು ಕೇಳುತ್ತಿರಲಿಲ್ಲ, ಅವಳೂ ಹೇಳುತ್ತಿರಲಿಲ್ಲ. ಹೇಳಬೇಡಿ ಎಂದು ಮೊದಲ ದಿನವೇ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಿದ್ದೆ. ಪರದೆಯ ಆಚೆ ಬರೀ ಸರಸರ ಸದ್ದು. ಒಂದು ದಿನ ತಡೆಯಲಾರದೆ ಪರದೆ ಸರಿಸಿದೆ.

"ಏನು ಸಿಸ್ಟರ್, ನನ್ನ ಮೇಲೆ ಕಂಪ್ಲೇಂಟು ಬರೀತಿದ್ದೀರಾ?"

"ಅಯ್ಯೋ, ಇಲ್ಲ. ನಿಮ್ಮ ಚಪ್ಪಲಿ ಬರೀತಿದ್ದೆ."

"ಚಪ್ಪಲೀನಾ? ಬೇರೇನೂ ಸಿಗಲಿಲ್ವಾ ನಿಮಗೆ?"

"ಇದೇ ಚೆನ್ನಾಗಿದೆ. ಒಂದು ನೆಟ್ಟಗಿದೆ, ಇನ್ನೊಂದು ಮಗುಚಿಕೊಂಡಿದೆ, ನೋಡಿ."

ನಗು ಬಂತು. ಎಷ್ಟೋ ದಿನದ ಮೇಲೆ ಬಂದ ನಗು. ಪುಸ್ತಕ ಇಸಿದುಕೊಂಡೆ. ನನ್ನದೇ ಸವೆದ ಚಪ್ಪಲಿ, ಹಿಮ್ಮಡಿಯ ಹಳ್ಳ ಸಮೇತ. ಸುಮ್ಮನೆ ಹಿಂದಿನ ಹಾಳೆ ತಿರುವಿದೆ. ಅಲ್ಲೊಂದು ಕಿವಿ ಇತ್ತು. ಎಳೆಯ ಕಿವಿ, ಅಂಚು ಇನ್ನೂ ಸರಿಯಾಗಿ ಬಿಚ್ಚಿಕೊಂಡಿರಲಿಲ್ಲ. ಅಕ್ಕ ಬೆಚ್ಚಿ ಪುಸ್ತಕಕ್ಕೆ ಕೈ ಹಾಕಿದಳು. ಹೆಬ್ಬೆರಳು ಅಡ್ಡ ಇಟ್ಟು ಚಪ್ಪಲಿಯ ಹಾಳೆಯನ್ನಷ್ಟೇ ತೋರಿಸಬೇಕಿತ್ತು, ನಾನು ನಕ್ಕ ಖುಷಿಯಲ್ಲಿ ಮರೆತುಬಿಟ್ಟಿದ್ದಳು.

"ಇದು ಯಾರದ್ದು?" ಎಂದೆ.

ಅವಳು ಪುಸ್ತಕ ಎಳೆದಳು, ನಾನು ಬಿಡಲಿಲ್ಲ.

"ಯಾರದ್ದು ಅಂತ ಕೇಳಿದೆ."

"ನಿಮ್ಮ ಮಗಳದ್ದು. ಕ್ಷಮಿಸಿ, ತೋರಿಸಬಾರದಿತ್ತು."

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಹಾಲಿನ ಬಟ್ಟಲನ್ನು ಅವಳ ಕೈಗೆ ತುರುಕಿ, ನಾಳೆಯಿಂದ ಬೇರೆಯವರನ್ನು ಕಳಿಸಿ ಎಂದೆ. ಅವಳು ಹೋದ ಮೇಲೆ ಕಣ್ಣು ಮುಚ್ಚಿದರೂ ಕಿವಿ, ತೆರೆದರೂ ಕಿವಿ. ಮರುದಿನ ಅವಳೇ ಬಂದಾಗ ಬೈಯಲು ಬಾಯಿ ತೆರೆದೆ. ಬಂದ ಮಾತೇ ಬೇರೆ.

"ಅವಳಿಗೆ ಒಂದೇ ಕಿವೀನಾ?"

"ಎರಡಿದೆ. ಚಹಾದ ಬಿಡುವಿನಲ್ಲಿ ಬರೆದದ್ದು, ಒಂದಕ್ಕೇ ಟೈಮ್ ಆಯ್ತು" ಎಂದಳು ಅಕ್ಕ, ತುಂಬ ಗಂಭೀರವಾಗಿ.

ಎಳೆಗೂಸುಗಳ ಕೋಣೆಯೊಳಗೆ ಪುಸ್ತಕ ಪೆನ್ಸಿಲು ಒಯ್ಯುವ ಹಾಗಿಲ್ಲ. ಚಹಾದ ಬಿಡುವಿನಲ್ಲಿ ಅಕ್ಕ ಹೊರಗೆ ಕಾರಿಡಾರಿನಲ್ಲಿ, ಗಾಜಿನ ಗೋಡೆಗೆ ಅಂಟಿಕೊಂಡು ನಿಂತು ಬರೆಯುತ್ತಿದ್ದಳು. ನನ್ನ ಮಗಳ ಪೆಟ್ಟಿಗೆ ಗಾಜಿಗೆ ಹತ್ತಿರವಿತ್ತು. ಮಗುವನ್ನು ಆ ಮಗ್ಗುಲಿಗೆ ಮಲಗಿಸಿದ ದಿನ ಇನ್ನೊಂದು ಕಿವಿ ಸಿಕ್ಕಿತು. ಇನ್ನೊಂದು ದಿನ ಪಾದ, ಹಿಮ್ಮಡಿಯಲ್ಲಿ ಸೂಜಿ ಚುಚ್ಚಿದ ಚುಕ್ಕೆ ಸಮೇತ. ಆಮೇಲೆ ಮೊಣಕೈ. ಕಾಲರು ಒಂದು ಕಡೆ, ತೋಳು ಒಂದು ಕಡೆ ಕತ್ತರಿಸಿಟ್ಟಿದ್ದರೂ ಅಂಗಿ ಕಣ್ಣಿಗೆ ಕಟ್ಟುವವಳು ನಾನು. ಹಾಗೆ ನನ್ನ ಮಗಳು ತುಂಡುತುಂಡಾಗಿ ಕೆಳಗಿಳಿದು ಬರತೊಡಗಿದಳು. ಬೇಡ ಬೇಡ ಎನ್ನುತ್ತಲೇ ನಾನು ಅಕ್ಕನ ಹೆಜ್ಜೆಯ ಸದ್ದಿಗೆ ಕಾಯುತ್ತಿದ್ದೆ. ಚಹಾ ಅವಳಿಗೆ ಒಂದು ದಿನವೂ ಬಿಸಿಯಾಗಿ ಸಿಕ್ಕಿರಲಿಕ್ಕಿಲ್ಲ.

ಹೀಗಿರುವಾಗ ಡಾಕ್ಟರಮ್ಮ ನನ್ನ ಮಂಚದ ತುದಿಯಲ್ಲಿ ಬಂದು ಕೂತರು. "ಮಗು ತೂಕ ಹಿಡೀತಿಲ್ಲ. ನಮ್ಮ ಕೈಲಾಗೋದೆಲ್ಲ ಮಾಡ್ತಿದ್ದೀವಿ. ನೀವು ಬಂದು ಎದೆಗೆ ಹಾಕ್ಕೊಂಡ್ರೆ ಅನುಕೂಲ ಆಗುತ್ತೆ. ಬಲವಂತ ಇಲ್ಲ. ಆದ್ರೆ ತಡ ಮಾಡಬೇಡಿ" ಎಂದರು. ಉಳಿಯುತ್ತಾಳೆ ಎಂದು ಹೇಳಲಿಲ್ಲ. ನಾನು ಕಾಯುತ್ತಿದ್ದ ಆ ಒಂದು ಮಾತನ್ನು ಅವರು ಹೇಳಲೇ ಇಲ್ಲ.

ಅಕ್ಕ ಹಾಲಿಗೆ ಬಂದಾಗ ನಾನು ಮೊಂಡು ಬಿದ್ದೆ. "ಮುಖ ಬರೆದು ತನ್ನಿ. ಅದನ್ನ ನೋಡಿ ಆಮೇಲೆ ಯೋಚನೆ ಮಾಡ್ತೀನಿ."

"ಮುಖ ಆಗಲ್ಲ."

"ಯಾಕಾಗಲ್ಲ?"

"ಮೂಗಿಗೆ ನಳಿಕೆ ಹಾಕಿದ್ದಾರೆ, ಕೆನ್ನೆ ಮೇಲೆಲ್ಲ ಪಟ್ಟಿ ಅಂಟಿಸಿದ್ದಾರೆ. ಗಾಜಿನ ಹೊರಗಿಂದ ಅಷ್ಟೇ ಕಾಣೋದು."

"ನಳಿಕೆ ಬಿಟ್ಟು ಬರೀರಿ. ನಿಮ್ಮ ಗಂಟೇನು ಹೋಗುತ್ತೆ?"

ಅಕ್ಕ ಪೆನ್ಸಿಲನ್ನು ಪುಸ್ತಕದೊಳಗಿಟ್ಟು ಮುಚ್ಚಿದಳು. "ಕಾಣದ್ದನ್ನ ನಾನು ಬರೆಯಲ್ಲ. ಬರೆದ್ರೆ ಅದು ಯಾವುದೋ ಕ್ಯಾಲೆಂಡರಿನ ಮಗು ಆಗುತ್ತೆ. ನಿಮ್ಮದಾಗಲ್ಲ" ಎಂದಳು.

ಜಗಳಕ್ಕೆ ಸಿದ್ಧಳಾಗಿದ್ದ ನನಗೆ ಅಳು ಬಂತು. ಅಳುತ್ತಲೇ ಕೇಳಿದೆ, "ಉಳೀದೆ ಹೋದ್ರೆ?"

ಹಾಗೆಲ್ಲ ಅನ್ನಬಾರದು, ಬಿಡ್ತು ಅನ್ನು ಎಂದು ಅದುವರೆಗೆ ಎಲ್ಲರೂ ನನ್ನ ಬಾಯಿ ಮುಚ್ಚಿಸಿದ್ದರು. ಅಕ್ಕ ಹಾಗೆ ಮಾಡಲಿಲ್ಲ. ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಹೋದ್ರೂ ಅಮ್ಮನ ಎದೆ ಮೇಲೆ ಮಲಗಿದ್ದ ಮಗು ಆಗಿರುತ್ತೆ. ನಿಮ್ಮ ಯಜಮಾನ್ರು ಹೇಳಿದ್ರು, ನಿಮ್ಮ ಮೊದಲನೆಯವನು ಹಾಗೇ ಅಲ್ವಾ ಹೋಗಿದ್ದು? ಅವನಿಗೆ ನೀವು ಸಿಕ್ಕಿದ್ರಿ. ಅಷ್ಟು ಅವನಿಗೆ ದಕ್ಕಿತು."

ನಾನು ಆ ದಿಕ್ಕಿನಿಂದ ಒಂದು ಸಲವೂ ಯೋಚಿಸಿರಲಿಲ್ಲ. ನನಗೇನು ಹೋಯಿತು ಎಂಬುದನ್ನೇ ಲೆಕ್ಕ ಹಾಕಿದ್ದೆನೇ ಹೊರತು ಅವನಿಗೇನು ಸಿಕ್ಕಿತು ಎಂದು ನೋಡಿರಲಿಲ್ಲ. ಚಪ್ಪಲಿ ಮೆಟ್ಟಿಕೊಂಡೆ. ಅಕ್ಕ ಲಿಫ್ಟಿನ ಗುಂಡಿ ಒತ್ತಿದಳು. ಅದು ಬರುವುದಕ್ಕೆ ಕಾಯುವಾಗ ಪುಸ್ತಕ ತೆಗೆಯಲಿಲ್ಲ, ನನ್ನ ರಟ್ಟೆ ಹಿಡಿದುಕೊಂಡು ನಿಂತಳು.

ಮೇಲೆ ಕೈ ತೊಳೆಸಿ, ಉದ್ದನೆಯ ಅಂಗಿ ತೊಡಿಸಿ, ಒರಗು ಕುರ್ಚಿಯಲ್ಲಿ ಕೂರಿಸಿದರು. ಮಗಳನ್ನು ತಂದು ಎದೆಯ ಮೇಲೆ ಇಟ್ಟರು. ಇಟ್ಟದ್ದೇ ಗೊತ್ತಾಗಲಿಲ್ಲ, ಅಷ್ಟು ಹಗುರ. ನಳಿಕೆ ಜಾರದ ಹಾಗೆ ಯಾರಾದರೂ ಹಿಡಿದುಕೊಳ್ಳಬೇಕಿತ್ತು, ಅಕ್ಕ ಬಗ್ಗಿ ನಿಂತು ಹಿಡಿದುಕೊಂಡಳು. ಆಗ ಮುಖ ನೋಡಿದೆ. ನಳಿಕೆ ಇತ್ತು, ಪಟ್ಟಿ ಇತ್ತು, ಅದರ ಸಂದಿಯಲ್ಲಿ ಸಿಡುಕಿದ ಹಣೆ. ನನ್ನದೇ ಸಿಡುಕು. ಆ ಪುಟ್ಟ ಕಿವಿಯ ಹತ್ತಿರ ಬಾಯಿ ತಂದೆ.

"ನಾನು ನಿನ್ನಮ್ಮ ಕಣೇ. ಬರೋದು ತಡ ಆಯ್ತು" ಎಂದೆ.

ಯಾರೋ ಬಂದು ಅಕ್ಕನಿಗೆ ಚಹಾದ ಹೊತ್ತಾಯಿತು, ನಾನು ಹಿಡ್ಕೋತೀನಿ ಎಂದರು. ಬೇಡ ಎಂದು ಅಕ್ಕ ತಲೆಯಾಡಿಸಿದಳು. ಅಷ್ಟು ಹೊತ್ತು ಬಗ್ಗಿ ನಿಂತು ಅವಳ ಸೊಂಟ ಏನಾಗಿರಬೇಡ. ಮರುದಿನವೂ ಹೋದೆ, ಅದರ ಮರುದಿನವೂ. ತೂಕ ಒಂದಿಷ್ಟು ಏರಿತು, ಇಳಿಯಿತು, ಮತ್ತೆ ಏರಿತು. ಒಂದು ದಿನ ನಳಿಕೆ ತೆಗೆದರು. ಮಗಳನ್ನು ಮನೆಗೆ ಕರೆತಂದೆವು. ಈಗ ಅವಳು ಅಂಗಡಿಯಲ್ಲಿ ಹೊಲಿಗೆ ಯಂತ್ರದ ಕೆಳಗೆ ಕೂತು ಚಿಂದಿ ಆರಿಸುತ್ತಾಳೆ, ಬಂದ ಗಿರಾಕಿಗಳಿಗೆಲ್ಲ ಎದುರು ಮಾತಾಡುತ್ತಾಳೆ. ಯಾರನ್ನು ಹೋಲುತ್ತಾಳೆ ಎಂದು ಕೇಳುವ ಹಾಗೇ ಇಲ್ಲ.

ಮಗಳು ಉಳಿದದ್ದಕ್ಕೆ ಡಾಕ್ಟರಮ್ಮನಿಗೆ, ಔಷಧಿಗೆ, ಅವಳ ಸ್ವಂತ ಹಠಕ್ಕೆ ಕೈಮುಗಿಯುತ್ತೇನೆ. ಅಕ್ಕನ ಋಣ ಬೇರೆಯದು. ಅವಳಿಂದಾಗಿ ನನ್ನ ಮಗನ ಮುಖ ನನಗೆ ವಾಪಸು ಬಂತು. ಈಗ ಗಂಡನೂ ನಾನೂ ಅವನ ಮಾತಾಡುತ್ತೇವೆ, ಅವನು ಯಾರ ಹಾಗಿದ್ದ ಎಂಬ ಜಗಳ ಇನ್ನೂ ಮುಗಿದಿಲ್ಲ. ಮೊನ್ನೆ ಅಂಗಡಿಗೆ ಬಂದ ಹೊಸ ಗಿರಾಕಿಯೊಬ್ಬಳು, ಅಳತೆ ಕೊಡುತ್ತಾ, ನಿಮಗೆ ಮಕ್ಕಳೆಷ್ಟು ಎಂದು ಕೇಳಿದಳು. ಇಬ್ಬರು ಎಂದೆ.