ಶಿವಬಸಮ್ಮನ ಎದೆಯಲ್ಲಿ ಕಂಡ ನೆರಳು

ಸ್ನಾನ ಮುಗಿಸಿ, ಕೊರಳಲ್ಲಿದ್ದ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜಿಸದೆ ಶಿವಬಸಮ್ಮ ಒಂದು ಗುಟುಕು ನೀರನ್ನೂ ಕುಡಿದವಳಲ್ಲ. ಯಡಿಯೂರಿನ ಮನೆ ಬಿಟ್ಟು ಜಯನಗರದ ನರ್ಸಿಂಗ್ ಹಾಸ್ಟೆಲಿಗೆ ಬಂದ ಮೇಲೂ ಅದು ತಪ್ಪಲಿಲ್ಲ. ಅಲ್ಲಿ ಬಚ್ಚಲಿಗೆ ಸಾಲು ನಿಲ್ಲಬೇಕು, ನಾಲ್ಕೂವರೆಗೇ ಏಳುತ್ತಿದ್ದಳು. ಪೂಜೆಯಾದರೆ ಲಿಂಗ ವಸ್ತ್ರದೊಳಗೆ ಸೇರಿ ಮತ್ತೆ ಎದೆಗೆ. ಅದು ಮೈ ಬಿಟ್ಟು ಇರಬಾರದು.

ಅದು ಅರವತ್ತೆರಡನೇ ಇಸವಿ. ವಾರ್ಡಿಗೆ ಕಾಲಿಡುವ ಮುಂಚೆ ಹುಡುಗಿಯರಿಗೆಲ್ಲ ಆರೋಗ್ಯ ತಪಾಸಣೆ. ತೋಳಿನಲ್ಲಿ ಸಿಡುಬು ಬಾರದಂತೆ ದೇವಿ ಹಾಕಿದ ಗುರುತು ಇರಬೇಕು, ಎದೆಯ ಎಕ್ಸ್‌ರೇ ಚೊಕ್ಕವಾಗಿರಬೇಕು. ಡಾಕ್ಟರ ಸಹಿ ಬೀಳದಿದ್ದರೆ ವಾರ್ಡೂ ಇಲ್ಲ, ಸೀಟೂ ಇಲ್ಲ.

"ಒಡವೆಯೆಲ್ಲ ಬಿಚ್ಚಿಡ್ರಮ್ಮ, ಬೇಗ ಬೇಗ" ಎಂದ ಎಕ್ಸ್‌ರೇ ತೆಗೆಯುವ ಸೇತುರಾಮ. ಶಿವಬಸಮ್ಮ ಓಲೆ, ಸರ, ಬಳೆ ಬಿಚ್ಚಿಟ್ಟಳು. ಲಿಂಗ ಒಡವೆಯಲ್ಲವಲ್ಲ, ಅದು ಎದೆಯ ಮೇಲೇ ಉಳಿಯಿತು.

ಮೂರನೆಯ ದಿನ ಬೋರ್ಡಿನಲ್ಲಿ ದಪ್ಪ ಅಕ್ಷರದಲ್ಲಿ ಅವಳ ಹೆಸರಿತ್ತು: ಎದೆಯಲ್ಲಿ ನೆರಳು, ಅನರ್ಹ. ಮಧ್ಯಾಹ್ನ ಊಟಕ್ಕೆ ಹೋದರೆ ಅವಳ ತಟ್ಟೆ, ಲೋಟ ಕೈತೊಳೆಯುವ ಕಲ್ಲಿನ ಪಕ್ಕದಲ್ಲಿದ್ದವು. ವಾರದ ಹಿಂದೆ ಇವಳ ಚಟ್ನಿಪುಡಿ ಡಬ್ಬಿಯಿಂದಲೇ ಬಡಿಸಿಕೊಂಡು ತಿಂದಿದ್ದ ಜೊತೆಯ ಹುಡುಗಿ ಬೈರಮ್ಮ ಪಕ್ಕದವಳಿಗೆ, "ಲೇ, ಆ ಕಡೆ ಹೋಗ್ಬೇಡ್ವೇ. ಚಟ್ನಿಪುಡಿ ಜೊತೆ ಕ್ಷಯಾನೂ ಬಡಿಸ್ತಾಳೆ" ಎಂದಳು. ನಗು ಹಬ್ಬಿತು. ರೋಗಿಗಳ ಸೇವೆ ಕಲಿಯಲು ಬಂದ ಹುಡುಗಿಯರು ಇವರು!

ಅವಳು ಮೇಟ್ರನ್ ಚೂಡಾಮಣಿಯವರ ಬಳಿ ಹೋದಳು. "ಕೆಮ್ಮಿಲ್ಲ, ಜ್ವರ ಇಲ್ಲ ಮೇಡಂ."

"ಕ್ಷಯ ಹೇಳಿ ಕೇಳಿ ಬರುತ್ತೇನಮ್ಮ? ಸೋಮವಾರ ನಿಮ್ಮಪ್ಪನ್ನ ಕರೆಸು. ಪೆಟ್ಟಿಗೆ ಕಟ್ಟು." ಅವರು ತಲೆಯೆತ್ತಲೂ ಇಲ್ಲ.

ಮರುದಿನ ಬೆಳಗ್ಗೆ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡವಳು ಅದನ್ನೇ ದಿಟ್ಟಿಸಿದಳು. ದುಂಡಗೆ, ನೆಲ್ಲಿಕಾಯಿ ಗಾತ್ರ. ಇದೇ ಆ ನೆರಳು! ಸಮಾಧಾನಕ್ಕಿಂತ ಮೊದಲು ಬಂದದ್ದು ಸಿಟ್ಟು. ಮನೆಗೆ ಅಟ್ಟಲು ಕಾಗದ ಸಿದ್ಧ ಮಾಡಿದವರಲ್ಲಿ ಒಬ್ಬರಿಗೂ "ಎದೆ ಮೇಲೆ ಏನಿದೆ ಮಗಳೇ" ಎಂದು ಕೇಳಲು ಬಾಯಿ ಬರಲಿಲ್ಲವೆ? ಪೂಜೆ ಮುಗಿಸಿ ನೇರ ಎಕ್ಸ್‌ರೇ ಕೋಣೆಗೆ ಹೋಗಿ ವಿಷಯ ಹೇಳಿದಳು.

"ಅಯ್ಯೋ, ಲಿಂಗ ಇತ್ತಾ? ಹೇಳ್ಬಾರ್ದಿತ್ತೇನ್ರಮ್ಮ?" ಎಂದು ನಕ್ಕ ಸೇತುರಾಮ.

"ನೀವು ಕೇಳ್ಬಾರ್ದಿತ್ತಾ ಸಾರ್?"

ಅವನ ನಗು ನಿಂತಿತು. "ಡಾಕ್ಟರ ಚೀಟಿ ತನ್ನಿ, ಮತ್ತೆ ತೆಗೀತೀನಿ. ಅದನ್ನ ಬಿಚ್ಚಿ ಮೇಜಿನ ಮೇಲಿಡಬೇಕು."

"ಮೈ ಬಿಟ್ಟು ಇಡಲ್ಲ. ಅಂಗೈಲಿ ಹಿಡ್ಕೊಂಡು ಕೈ ಸೊಂಟದ ಮೇಲಿಟ್ಕೋತೀನಿ. ಎದೆಗೆ ಅಡ್ಡ ಬರಲ್ಲವಲ್ಲ?"

ಚೀಟಿಗಾಗಿ ಡಾಕ್ಟರ ಬಾಗಿಲಲ್ಲಿ ಎರಡು ಗಂಟೆ ನಿಂತಳು. ಸಂಜೆಗೆ ಹೊಸ ಫಿಲ್ಮ್ ಬಂತು. ಎದೆ ತಿಳಿನೀರಿನಂತಿತ್ತು. ಡಾಕ್ಟರು ಸಹಿ ಹಾಕಿದರು.

ಈಗ ಚೂಡಾಮಣಿಯವರೇ ಕರೆಸಿದರು. ದನಿ ಮೆತ್ತಗಾಗಿತ್ತು. "ಆಗಿದ್ದಾಯ್ತು ಬಿಡು. ಮೇಲ್ಗಡೆ ಒಬ್ಬರೇ ಇರೋ ರೂಮ್ ಖಾಲಿ ಇದೆ. ಬಚ್ಚಲೂ ಅದ್ರಲ್ಲೇ ಇದೆ, ಸಾಲು ನಿಲ್ಲೋದು ಬೇಡ. ನಿನ್ನ ಪೂಜೆಗೂ ಅನುಕೂಲ. ತಗೋ."

ನಾಲ್ಕೂವರೆಯ ಚಳಿ, ಬಚ್ಚಲ ಸಾಲು ಎಲ್ಲ ಶಿವಬಸಮ್ಮನ ಕಣ್ಣ ಮುಂದೆ ಬಂದವು.

"ರೂಮ್ ಬೇಡ ಮೇಡಂ. ಒಂಟಿಯಾಗಿದ್ದು ಸಾಕಾಗಿದೆ. ನನ್ನ ತಟ್ಟೆ ಎಲ್ಲರ ಸಾಲಿಗೆ ಇಡ್ಸಿ. ನನ್ನ ಎದೆ ಚೊಕ್ಕ ಅಂತ ಬೋರ್ಡಲ್ಲಿ ಬೇರೆ ಕಾಗದ ಅಂಟಿಸಿ, ಅಷ್ಟೇ ದಪ್ಪ ಅಕ್ಷರದಲ್ಲಿ."