ಉಗುರಿನ ಗುರುತು

ಗಂಡ ಅಂಬಣ್ಣ ಸತ್ತು ಹನ್ನೊಂದು ತಿಂಗಳಾದ ಮೇಲೆ ಚಂದಮ್ಮನ ಕೈಗೆ ಮತ್ತೆ ಎರಕದ ಮರಳು ಹತ್ತಿತು. ಹತ್ತಿಸಿದವನು ಮಗ ದೇವಾನಂದ.

ವಾಕಡದ ಇಪ್ಪತ್ತೆರಡು ಅಂತಸ್ತಿನ ಕಟ್ಟಡಗಳ ಬೆನ್ನಿಗೆ ಇನ್ನೂ ಉಳಿದುಕೊಂಡಿರುವ, ತಗಡು ಹೊದಿಸಿದ ಪತ್ರಾಸಿನ ಮನೆಗಳಲ್ಲಿ ಒಂದು ಅವರದು. ಸೇಡಂ ಕಡೆಯಿಂದ ಗಡಿ ದಾಟಿ ಈ ಮರಾಠಿ ಸೀಮೆಗೆ ಬಂದು ಮೂವತ್ತು ವರ್ಷದ ಮೇಲಾಯಿತು. ದೇವಾನಂದ ಒಂದು ವರ್ಕ್‌ಶಾಪಿನಲ್ಲಿ ಕಂಪ್ಯೂಟರಿನ ಮೇಲೆ ಡ್ರಾಯಿಂಗ್ ಮಾಡುತ್ತಾನೆ. ರವಿವಾರ ಬಂತೆಂದರೆ ಹಿತ್ತಲಲ್ಲಿ ಎರಕ ಹೊಯ್ಯುವ ಹುಚ್ಚು. ಬೇಕಾದ ಆಕಾರವನ್ನು ತ್ರೀಡಿ ಪ್ರಿಂಟರಿನಲ್ಲಿ ಪ್ಲಾಸ್ಟಿಕ್ಕಿನಿಂದ ಮಾಡಿಕೊಳ್ಳುವುದು, ಅದನ್ನು ಮರಳಿನಲ್ಲಿ ಒತ್ತಿ ಅಚ್ಚು ತೆಗೆಯುವುದು, ಹಳೇ ಅಲ್ಯುಮಿನಿಯಂ ಪಾತ್ರೆ ಕರಗಿಸಿ ಹೊಯ್ಯುವುದು. ಎಲ್ಲವೂ ವಿಡಿಯೋ ನೋಡಿ ಕಲಿತದ್ದು. ಇಪ್ಪತ್ತು ವರ್ಷ ಭೋಸರಿಯ ಫೌಂಡ್ರಿಯಲ್ಲಿ ಮೈ ಬೇಯಿಸಿಕೊಂಡ ಹೆಂಗಸು ಮನೆಯೊಳಗೇ ಅಕ್ಕಿ ಆರಿಸುತ್ತ ಕೂತಿದ್ದಳು. ಹಿತ್ತಲ ಗಿಡ ಮದ್ದಲ್ಲವಲ್ಲ, ಅವಳನ್ನು ಅವನು ಕೇಳಲಿಲ್ಲ.

ಅಪ್ಪನ ವರ್ಷದ ತಿಥಿಗೆ ಅವನ ಮುಖದ ಫಲಕವೊಂದನ್ನು ಹೊಯ್ಯಬೇಕು, ಕೆಳಗೆ ‘ಅಂಬಣ್ಣ ಮಿಸ್ತ್ರಿ’ ಎಂಬ ಅಕ್ಷರ ಮೂಡಬೇಕು ಎಂದು ಅವನ ಆಸೆ. ಮುಖ ತೆಗೆದುಕೊಂಡದ್ದು ಫೌಂಡ್ರಿಯಲ್ಲಿ ಅಂಬಣ್ಣನಿಗೆ ಶಾಲು ಹೊದಿಸಿದ ದಿನದ ಫೋಟೋದಿಂದ. ಆ ಫೋಟೋದ ಅಂಚಿನಲ್ಲಿ ಚಪ್ಪಾಳೆ ತಟ್ಟುತ್ತಿದ್ದ ಎರಡು ಕೈಗಳಿದ್ದವು. ಚಂದಮ್ಮನವು. ಮಗ ಅವನ್ನು ಕತ್ತರಿಸಿ ಹಾಕಿದ. ಫಲಕಕ್ಕೆ ಅವು ಯಾಕೆ ಬೇಕು?

ಆ ಕೈಗಳ ಕತೆ ಹೇಳಿಯೇ ಬಿಡಬೇಕು. ಫೌಂಡ್ರಿಯಲ್ಲಿ ಅಚ್ಚು ಹಾಕುವ ಮಿಸ್ತ್ರಿಗಳು ಗಂಡಸರು, ಅಂಬಣ್ಣ ಅವರಲ್ಲೊಬ್ಬ. ಎರಕದೊಳಗೆ ಪೊಳ್ಳು ಉಳಿಯಬೇಕಾದ ಕಡೆ ಇಡುವ ಮರಳಿನ ಗಟ್ಟಿಗಳನ್ನು ಮಾಡುವುದಷ್ಟೇ ಹೆಂಗಸರ ಪಾಲು. ಚಂದಮ್ಮನದು ಆ ಕೆಲಸ. ಆದರೆ ಕುಡಿದು ಕುಡಿದು ಅಂಬಣ್ಣನ ಕೈ ನಡುಗತೊಡಗಿದ ಮೇಲೆ, ತನ್ನ ಕೆಲಸ ಬೇಗ ಮುಗಿಸಿ ಅವನ ಮೂಲೆಗೆ ಹೋಗಿ ಅಚ್ಚು ಹಾಕಿದವಳು ಅವಳೇ. ಒಂದೆರಡು ದಿನವಲ್ಲ, ಒಂಬತ್ತು ವರ್ಷ. ಸಾಹೇಬರಿಗೆ ಮಾಲು ಸರಿ ಬಂದರೆ ಸಾಕು, ಕೈ ಯಾರದಾದರೇನು!

ಕೆಟ್ಟ ಮಾಲು ಯಾರದೆಂದು ಗೊತ್ತಾಗಲಿ ಎಂದು ಅಲ್ಲಿ ಪ್ರತಿ ಮಿಸ್ತ್ರಿಗೂ ಒಂದು ಗುರುತು ಇತ್ತು. ಅಂಬಣ್ಣನದು ಎರಡು ಗೆರೆ. ತಾನು ಹಾಕಿದ ಅಚ್ಚಿನಲ್ಲಿ ಚಂದಮ್ಮ ಆ ಗೆರೆಗಳ ಕೆಳಗೆ ಕಿರುಬೆರಳ ಉಗುರನ್ನು ಮೆಲ್ಲಗೆ ಒತ್ತುತ್ತಿದ್ದಳು. ಲೋಹದಲ್ಲಿ ಅದು ಸಣ್ಣ ಅರ್ಧಚಂದ್ರವಾಗಿ ಉಬ್ಬಿ ನಿಲ್ಲುತ್ತಿತ್ತು. ಅದನ್ನು ಬಲ್ಲವನು ಮಾಲು ತಪಾಸಣೆಯ ಮುನಿಸ್ವಾಮಿ, ಕೋಲಾರದ ಕಡೆಯವನು. “ಉಗುರಿರೋ ಮಾಲನ್ನ ಎರಡನೇ ಸಲ ನೋಡೋದೇ ಬೇಡ ಕಣಮ್ಮ” ಎಂದು ಒಮ್ಮೆ ನಕ್ಕು ಹೇಳಿದ್ದ. ಅಷ್ಟು ವರ್ಷದಲ್ಲಿ ಅವಳಿಗೆ ಸಿಕ್ಕ ಶಾಲು ಎಂದರೆ ಅದೊಂದು ಮಾತು. ನಿಜವಾದ ಶಾಲು ಹೊದ್ದುಕೊಂಡ ದಿನ ಅಂಬಣ್ಣ, “ಇದೆಲ್ಲಾ ಈ ಎರಡು ಕೈಯ ಪುಣ್ಯಾ” ಎಂದು ತನ್ನ ಕೈಗಳನ್ನೇ ಎತ್ತಿ ತೋರಿಸಿದ್ದ. ಕೈ ಕೆಸರಾದರೆ ಬಾಯಿ ಮೊಸರು ಎಂದವರು ಯಾರ ಕೈ, ಯಾರ ಬಾಯಿ ಎಂಬುದನ್ನು ಹೇಳಿ ಹೋಗಲಿಲ್ಲ.

ದೇವಾನಂದನ ಮೊದಲ ಎರಕದಲ್ಲಿ ಅಪ್ಪನಿಗೆ ಮೂಗೇ ಇರಲಿಲ್ಲ. ಎರಡನೆಯದರಲ್ಲಿ ಮುಖವೆಲ್ಲ ದೋಸೆಯ ಹಾಗೆ ತೂತು. ಮೂರನೆಯದರಲ್ಲಿ ಅಕ್ಷರ ಹರಿದುಹೋದವು. ತಿಥಿಗೆ ಎಂಟು ದಿನ ಉಳಿದಿತ್ತು. ಚಂದಮ್ಮ ಮೊರ ಪಕ್ಕಕ್ಕಿಟ್ಟು ಎದ್ದು ಬಂದಳು. ಮರಳನ್ನು ಮುಷ್ಟಿಯಲ್ಲಿ ಹಿಂಡಿ ಬಿಟ್ಟಳು.

“ನೀರು ಭಾಳ ಆಗ್ಯಾದ. ಉಗಿ ಹೊರಗ ಹೋಗ್ಲಿಕ್ಕೆ ದಾರಿನೂ ಇಟ್ಟಿಲ್ಲ ನೀ. ಮೇಣಬತ್ತಿ ತಗೊಂಡು ಬಾ.”

ಪ್ರಿಂಟಾದ ಪ್ಲಾಸ್ಟಿಕ್ಕಿನ ಮೈ ತುಂಬ ಕೂದಲೆಳೆಯಂಥ ಗೆರೆಗಳಿದ್ದವು, ಮರಳನ್ನು ಕಚ್ಚಿ ಹಿಡಿಯುತ್ತಿದ್ದವು. ಅವಳು ಅದಕ್ಕೆ ಮೇಣ ತಿಕ್ಕಿ ನುಣುಪು ಮಾಡಿದಳು. ಒಣ ಮರಳು ಬೆರೆಸಿ ಹದ ತಂದಳು, ಅಚ್ಚಿನ ಮೇಲಿನ, ಕೆಳಗಿನ ಎರಡೂ ಪೆಟ್ಟಿಗೆಗೆ ಸೋಸಿ ಹಾಕಿದಳು, ಕುಟ್ಟಿದಳು, ಸೈಕಲ್ಲಿನ ಕಡ್ಡಿಯಿಂದ ಉಗಿಗೆ ತೂತು ಚುಚ್ಚಿದಳು. ಮಗ ಬಾಯಿ ಬಿಟ್ಟು ನೋಡಿದ.

“ಅಪ್ಪ ನಿನಗ ಇಷ್ಟೆಲ್ಲಾ ಕಲಿಸಿದ್ದನೇನವ್ವಾ?”

ಚಂದಮ್ಮ ಕಡ್ಡಿ ಕೆಳಗಿಟ್ಟಳು. “ಅಂವಾ ಕಲಿಸಿಲ್ಲೋ. ಕಡೀ ಒಂಬತ್ತು ವರ್ಷ ಅವನ ಅಚ್ಚೆಲ್ಲಾ ನಾನೇ ಹಾಕೀನಿ. ಆ ಶಾಲು ನಂದು.”

ದೇವಾನಂದ ಸಿಟ್ಟಾಗಲಿಲ್ಲ. ಆಗಿದ್ದರೆ ಚೆನ್ನಾಗಿತ್ತು. ಅವಳ ಹೆಗಲ ಮೇಲೆ ಕೈಯಿಟ್ಟು, “ಅಪ್ಪ ಕುಡೀತಿದ್ದ, ನನಗೂ ಗೊತ್ತದ. ನೀ ಭಾಳ ತ್ರಾಸು ತಗೊಂಡಿ. ಆದ್ರ ಅವನ ಕೈಕೆಲಸ ಅವಂದೇ ಅಲಾ? ಸತ್ತವರದು ಕಸಗೋಬಾರದವ್ವಾ” ಎಂದ.

ಚಂದಮ್ಮ ಅಚ್ಚಿನತ್ತ ಬಾಗಿದಳು. ಅವನು ಭಟ್ಟಿಯ ಕಡೆ ತಿರುಗಿದಾಗ, ಫಲಕದ ಬೆನ್ನು ಮೂಡುವ ಮೇಲಿನ ಪೆಟ್ಟಿಗೆಯ ಮರಳಿನಲ್ಲಿ ಎರಡು ಗೆರೆ ಎಳೆದು, ಕೆಳಗೆ ಕಿರುಬೆರಳ ಉಗುರು ಒತ್ತಿದಳು. ತಿಥಿಗೆ, ಈಗ ಸಾಸವಡದಲ್ಲಿ ನೆಲೆಸಿದ್ದ ಮುನಿಸ್ವಾಮಿ ಬರುವವನಿದ್ದ. ಫೌಂಡ್ರಿಯವರು ಯಾವ ಮಾಲನ್ನೂ ಮೊದಲು ಬೆನ್ನು ತಿರುಗಿಸಿಯೇ ನೋಡುವುದು. ಅವನು ನೋಡುತ್ತಾನೆ, ನಾಲ್ಕು ಜನರೆದುರು ಹೇಳುತ್ತಾನೆ. ಅವನ ಬಾಯಿಂದ ಬಂದರೆ ಮಗ ನಂಬುತ್ತಾನೆ.

ಎರಕ ಮುತ್ತಿನಂತೆ ಬಂತು. ರೆಪ್ಪೆ ಕೂಡ ಮೂಡಿತ್ತು. ಇನ್ನೂ ಬಿಸಿಯಿದ್ದ ಬೆನ್ನ ಮೇಲೆ ಹೆಬ್ಬೆರಳು ಆಡಿಸಿದಳು. ಅರ್ಧಚಂದ್ರ ಚರ್ಮಕ್ಕೆ ಚುಚ್ಚಿತು. ಆ ರಾತ್ರಿ ಎಷ್ಟೋ ವರ್ಷಗಳ ಮೇಲೆ ಅವಳಿಗೆ ಕಣ್ತುಂಬ ನಿದ್ದೆ.

ತಿಥಿಯ ದಿನ ಮನೆ ತುಂಬ ಮಂದಿ. ಹಾರ ಹಾಕಿದ ಫಲಕದ ಎದುರು ಕೈಮುಗಿದವರೆಲ್ಲ, ಮಿಸ್ತ್ರಿ ಅಂದ್ರ ಮಿಸ್ತ್ರಿ ಎಂದು ಹೊಗಳಿದರು. ಮುನಿಸ್ವಾಮಿ ಬಂದ, ಕೈಮುಗಿದ, ಹಾರ ಸರಿಸಿ ಫಲಕವನ್ನು ಕೈಗೆತ್ತಿಕೊಂಡ. ಅಂಚು ಸವರಿದ. ಬೆನ್ನು ತಿರುಗಿಸಿದ. ಚಂದಮ್ಮ ಬಡಿಸುವ ಸೌಟು ಹಿಡಿದು ಹಾಗೇ ನಿಂತಳು.

ಬೆನ್ನು ಕನ್ನಡಿಯ ಹಾಗೆ ಹೊಳೆಯುತ್ತಿತ್ತು.

“ಇಲ್ಲಿ ಏನಾದ್ರೂ ಇತ್ತೇನಪ್ಪ?” ಎಂದ ಮುನಿಸ್ವಾಮಿ.

“ಎರಡು ಗೆರಿ, ಕೆಳಗೊಂದು ಸಣ್ಣ ಗಂಟು ಎದ್ದಿತ್ರಿ ಕಾಕಾ. ಮರಳು ಕೆದರಿದ್ದು ಕಾಣಸ್ತದ. ನಿನ್ನೆ ಗ್ರೈಂಡರ್ ಹಚ್ಚಿ ತಿಕ್ಕಿಬಿಟ್ಟೆ” ಎಂದ ದೇವಾನಂದ ಹೆಮ್ಮೆಯಿಂದ.

ಮುನಿಸ್ವಾಮಿ ತಲೆಯೆತ್ತಿ ಚಂದಮ್ಮನನ್ನು ನೋಡಿದ. ಅವನಿಗೆ ಎಲ್ಲ ತಿಳಿಯಿತು. ತಿಳಿದದ್ದು ಅವಳಿಗೂ ಕಂಡಿತು. ಅವನು ಸುತ್ತಲಿನ ಮಂದಿಯನ್ನು ನೋಡಿದ, ಹಾರವನ್ನು ನೋಡಿದ, ಫಲಕವನ್ನು ಮೆಲ್ಲಗೆ ಅದರ ಜಾಗದಲ್ಲಿಟ್ಟ.

“ಒಳ್ಳೇ ಕೆಲಸ ಮಾಡಿದೀಯಪ್ಪ. ಎಷ್ಟಾದ್ರೂ ಅಂಬಣ್ಣನ ಮಗ.”

ಗಂಡ ಸತ್ತ ದಿನ ಬಾರದಿದ್ದ ಅಳು ಚಂದಮ್ಮನಿಗೆ ಈಗ ಬಂತು. ಸೌಟು ಬಿಟ್ಟು ಕುಸಿದು ಕೂತು, ಮುಷ್ಟಿಯಿಂದ ನೆಲ ಗುದ್ದಿ ಗುದ್ದಿ ಅತ್ತಳು. ಮಂದಿಗೆಲ್ಲ ಕಣ್ಣು ಒದ್ದೆಯಾಯಿತು. ನಾದಿನಿ ಅವ್ವಮ್ಮ ಓಡಿ ಬಂದು ಅವಳ ತಲೆಯನ್ನು ಎದೆಗೊತ್ತಿಕೊಂಡಳು.

“ಅಳಬ್ಯಾಡ, ಸಮಾಧಾನ ಮಾಡ್ಕೋ ಚಂದವ್ವಾ. ನಮ್ಮಣ್ಣನಂಥಾ ಗಂಡ ಎಲ್ಲಾರಿಗೂ ಸಿಗಂಗಿಲ್ಲ.”